ಬೇರಿಂಗ್ ಮೀಮಾಂಸೆ

ವಿಷಯ

ಕೊಡಗಿನ ಒಕ್ಕ, ಐನ್‌ಮನೆ, ಜಮ್ಮಾ ಭೂಮಿ, ಕೋವಿ, ಕಾಫಿ, ಕಾಚಂಪುಳಿ ಎಲ್ಲದರ ಮೇಲೂ ವಿದ್ವಾಂಸರು ಬರೆದು ದಣಿದಿದ್ದಾರೆ. ತೋಟದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ ಹಳೆಯ ಜರ್ಮನ್ ಕಾರಿನ ಸೂಪರ್‌ಚಾರ್ಜರ್ ಬೇರಿಂಗಿನ ಕುರಿತು ಮಾತ್ರ ಒಂದು ಸಾಲೂ ಇಲ್ಲ. ಈ ಕೊರತೆ ನೀಗುವ ಭಾರ ಪ್ರಸ್ತುತ ಲೇಖಕನ ಹೆಗಲೇರಿದೆ. ಹೇರಿದವರು ಯಾರೆಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ವಂಶಾವಳಿ ಹೀಗಿದೆ: 1860ರಲ್ಲಿ ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು ಇಂಥದೊಂದು ಊದುಯಂತ್ರಕ್ಕೆ ಪೇಟೆಂಟ್ ಪಡೆದರು, ಅದಕ್ಕೆ ಕೆಲಸ ಸಿಕ್ಕಿದ್ದು ಕಬ್ಬಿಣದ ಕುಲುಮೆಯಲ್ಲಿ. 1885ರಲ್ಲಿ ಗಾಟ್ಲೀಬ್ ಡೈಮ್ಲರ್ ಎಂಜಿನ್ನಿಗೇ ಗಾಳಿ ತುರುಕುವ ಉಪಾಯಕ್ಕೆ ಪೇಟೆಂಟ್ ಮಾಡಿಸಿದ. 1921ರಲ್ಲಿ ಮರ್ಸಿಡಿಸ್ ಕಾರುಗಳು ಇದನ್ನು ಹೊತ್ತು ಬರ್ಲಿನ್ ಪ್ರದರ್ಶನಕ್ಕೆ ಬಂದವು. ಡಬ್ಲ್ಯು. ಒ. ಬೆಂಟ್ಲಿ ಬೇಡವೇ ಬೇಡ ಎಂದರೂ 1929ರಲ್ಲಿ ಅವನದೇ ಹೆಸರಿನ ಕಾರಿನ ಮೂತಿಗೆ ಇದನ್ನು ಕಟ್ಟಿದರು. ಯಜಮಾನ ಬೇಡವೆಂದರೂ ಮನೆ ಸೇರುವ ವಸ್ತುಗಳ ಪಟ್ಟಿಯಲ್ಲಿ ಅಂದಿನಿಂದ ಇದಕ್ಕೆ ಮಾನ್ಯ ಸ್ಥಾನವಿದೆ.

ಬೇರಿಂಗ್ ಇನ್ನೂ ಪುರಾತನ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಕ್ಕಬ್ಬೆಯ ಬಳಿ ನಾಲ್ಕುನಾಡು ಅರಮನೆ ಕಟ್ಟಿಸಿದ ಆಸುಪಾಸಿನಲ್ಲೇ, 1794ರಲ್ಲಿ, ವೇಲ್ಸಿನ ಫಿಲಿಪ್ ವಾನ್ ಎಂಬಾತ ಗಾಡಿಯ ಅಚ್ಚಿಗೆ ಗುಂಡುಗಳನ್ನು ಕೂರಿಸಿ ಪೇಟೆಂಟ್ ಪಡೆದಿದ್ದ. ಅರಮನೆಗೂ ಗುಂಡಿಗೂ ಸಂಬಂಧವೇನು ಎಂದರೆ, ಏನೂ ಇಲ್ಲ. ಪ್ರಬಂಧಕ್ಕೆ ತೂಕ ಬೇಕಲ್ಲ.

ಇನ್ನು ಕೊಡಗಿನ ಅಗತ್ಯ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ 12-13ರಷ್ಟು ಕಡಿಮೆ. ಸುಳ್ಯದಲ್ಲಿ ಗುಟುರು ಹಾಕಿದ ಕಾರು ಸಂಪಾಜೆ ಘಾಟಿ ಹತ್ತುವಾಗ ಏದುಸಿರು ಬಿಡುವುದಕ್ಕೆ ಇದೂ ಕಾರಣ. ಆದಕಾರಣ ಕೊಡಗಿಗೆ ಸೂಪರ್‌ಚಾರ್ಜರ್ ಅತ್ಯಗತ್ಯ ಎಂದು ಸಿದ್ಧವಾಯಿತು. ಮಂಡಲ್‌ಪಟ್ಟಿಗೆ ಪ್ರವಾಸಿಗರನ್ನು ಹೊರುವ ಜೀಪುಗಳು ಅದಿಲ್ಲದೆಯೇ ಹತ್ತುತ್ತವಲ್ಲ ಎಂದು ಕೆಲವರ ಆಕ್ಷೇಪ. ಕಣ್ಣಿಗೆ ಕಂಡದ್ದನ್ನು ಮುಂದಿಟ್ಟು ಶಾಸ್ತ್ರವನ್ನು ಅಲ್ಲಗಳೆಯುವುದು ಪಾಮರರ ಲಕ್ಷಣ.

ಸಂಶಯ

ಸೂಪರ್‌ಚಾರ್ಜರಿನ ಡಬ್ಬಿಯೊಳಗೆ ಎರಡು ರೋಟರುಗಳು ಒಂದರ ಮಡಿಲಿಗೆ ಇನ್ನೊಂದು ಹೊಕ್ಕು ಸುತ್ತುತ್ತವೆ, ಆದರೆ ಮುಟ್ಟುವುದಿಲ್ಲ. ನಡುವೆ ಇರುವುದು ಕೂದಲೆಳೆಯ ಜಾಗ. ವೇಗವೋ ನಿಮಿಷಕ್ಕೆ 10,000 ಸುತ್ತನ್ನೂ ದಾಟುವಂಥದ್ದು. ಎಲ್ಲಿಯವರೆಗೆ ಎರಡೂ ಬೇರೆ ಬೇರೆಯೋ ಅಲ್ಲಿಯವರೆಗೆ ಕಾರು ಓಡುತ್ತದೆ: ಇದು ದ್ವೈತ. ಬೇರಿಂಗ್ ಸವೆದು ಶಾಫ್ಟಿಗೆ ಆಟ ಬಂದು ಒಂದನ್ನೊಂದು ಸವರತೊಡಗಿದರೆ ವಿಶಿಷ್ಟಾದ್ವೈತ. ದುಡ್ಡಿದ್ದರೆ ಇನ್ನೂ ಸರಿಮಾಡಬಹುದು. ಪೂರ್ತಿ ಒಂದಾದರೆ ಅದ್ವೈತ. ಆಮೇಲೆ ಗುಜರಿಯವನ ತಕ್ಕಡಿಯೇ ಮೋಕ್ಷ.

ಮಳೆಗಾಲವಿಡೀ ತೇವದಲ್ಲಿ ನಿಂತ ಕಾರನ್ನು ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಹೊರತೆಗೆದಾಗ ಬಾನೆಟ್ಟಿನಡಿ ಗರಗರ ಸದ್ದು. ಎಲ್ಲಿಂದ? ಐಡ್ಲಿಂಗಿನಲ್ಲಿ ಕಡಕಡ ಎಂದು, ಆಕ್ಸಿಲರೇಟರ್ ಒತ್ತಿದೊಡನೆ ಸುಮ್ಮನಾದರೆ ಅದು ಬಹುಮಟ್ಟಿಗೆ ಪುಲ್ಲಿಗೂ ರೋಟರಿಗೂ ನಡುವಿನ ಕಪ್ಲಿಂಗ್. ವೇಗದೊಂದಿಗೆ ಸದ್ದೂ ಏರಿದರೆ ಬೇರಿಂಗ್. ಮೆಕ್ಯಾನಿಕ್ಕು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಗೊತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸಿ ಹೇಳುತ್ತಾನೆ: "ಸಾವ್ಕಾರ್ರೆ, ಬೇರಿಂಗ್ ಹೋಗಿದೆ. ಬಿಚ್ಚಿದ್ರೆ ಗೊತ್ತಾಗ್ತದೆ." ಇಷ್ಟು ನೇರವಾದ ವಾಕ್ಯಕ್ಕೂ ಮೂರು ಭಾಷ್ಯಗಳು ಹುಟ್ಟಿದವು.

ಪೂರ್ವಪಕ್ಷ

ಮೊದಲನೆಯವರು ಸರ್ವಪರಿತ್ಯಾಗವಾದಿಗಳು. ಒಳಗಿನ ಗುಂಡು ಸವೆದರೆ ಇಡೀ ಸೂಪರ್‌ಚಾರ್ಜರನ್ನೇ ಎಸೆದು ಹೊಸದನ್ನು ತರಿಸಬೇಕೆಂಬುದು ಇವರ ಮತ. ಬಿಲ್ಲು ದೊಡ್ಡದಾದಷ್ಟೂ ರಿಪೇರಿ ಗಟ್ಟಿ ಎಂದು ನಂಬುವ ಇವರು ಕ್ಲಬ್ಬಿನಲ್ಲಿ ಆ ಬಿಲ್ಲನ್ನು ನಿಟ್ಟುಸಿರಿನೊಂದಿಗೆ ಪಾರಾಯಣ ಮಾಡುತ್ತಾರೆ.

ಎರಡನೆಯವರು ಗಾನವಾದಿಗಳು. ಸದ್ದು ಕೇಳಿಸಿದರೆ ತಾನೆ ದೋಷ? ಸ್ಟೀರಿಯೊ ಜೋರು ಮಾಡಿದರೆ ದೋಷವೂ ಇಲ್ಲ, ಖರ್ಚೂ ಇಲ್ಲ. ತರ್ಕದಲ್ಲಿ ಇವರನ್ನು ಗೆದ್ದವರಿಲ್ಲ. ಗೆಲ್ಲುವುದು ಘಾಟಿಯ ತಿರುವು.

ಮೂರನೆಯವರು ಸುತ್ತಿಗೆವಾದಿಗಳು. ಹೊಸ ಬೇರಿಂಗನ್ನು ಯಾವ ಅಂಚಿಗಾದರೂ ಸರಿ, ನಾಲ್ಕು ಬಾರಿಸಿದರೆ ಕೂರುತ್ತದೆ ಎನ್ನುತ್ತಾರೆ. ವಾರದಲ್ಲಿ ಮತ್ತೆ ಸದ್ದು ಬಂದಾಗ ಕುಣಿಯಲಾರದವಳು ನೆಲ ಡೊಂಕು ಎಂದಂತೆ "ಮಾಲು ಡೂಪ್ಲಿಕೇಟು" ಎನ್ನುತ್ತಾರೆ. ಸಂಕಟವೇನೆಂದರೆ, ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ.

ಸಿದ್ಧಾಂತ

ಸೂಪರ್‌ಚಾರ್ಜರಿನ ಮೂತಿಯ ಹಳೆಯ ಆಯಿಲನ್ನು ಮೊದಲು ಬಸಿಯಬೇಕು. ಅದರ ವಾಸನೆಗೆ ಕಾಫಿ ಪಲ್ಪಿಂಗ್ ತೊಟ್ಟಿಯ ನೀರಿಗೆ ಮೂಗು ಪಳಗಿದವರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಿಚ್ಚುವ ಮುನ್ನ ಎರಡೂ ಟೈಮಿಂಗ್ ಗೇರಿನ ಹಲ್ಲುಗಳಿಗೆ ಗುರುತು ಹಾಕಬೇಕು. ಗುರುತು ತಪ್ಪಿ ಜೋಡಿಸಿದರೆ ಮೇಲೆ ಹೇಳಿದ ಅದ್ವೈತ ಒಂದೇ ಸುತ್ತಿನಲ್ಲಿ ಸಾಕ್ಷಾತ್ಕಾರವಾಗುತ್ತದೆ. ಆಮೇಲೆ ಹಳೆಯ ಬೇರಿಂಗಿನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕನ್ನಡಕ ಹಾಕಿ, ಓದಬೇಕು.

ಅಲ್ಲೊಂದು ನಂಬರು ಇರುತ್ತದೆ. ಉದಾಹರಣೆಗೆ 6203. ಕೊಡವರ ಹೆಸರಿನಲ್ಲಿ ಒಕ್ಕ ಮೊದಲು ಬಂದು ಆಸಾಮಿ ಆಮೇಲೆ ಬರುವಂತೆ ಇಲ್ಲಿಯೂ ಕುಲವೇ ಮೊದಲು: 6 ಎಂದರೆ ಆಳ ತೋಡಿನ ಗುಂಡಿನ ಬೇರಿಂಗ್, 2 ಎಂದರೆ ಗಾತ್ರದ ಸರಣಿ, 03 ಎಂದರೆ 17 ಮಿಲಿಮೀಟರ್ ಒಳತೂತು. ಹೊರ ಅಳತೆ 40, ದಪ್ಪ 12. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಾಡಿದರೂ ಅಷ್ಟೆ, ನಮ್ಮಲ್ಲಿ ಮಾಡಿದರೂ ಅಷ್ಟೆ. ಕಾರಿನ ಡಿಕ್ಕಿಯ ಮೇಲೆ ಎಷ್ಟೇ ಬಿರುದಿರಲಿ, ಅದೇ ನಂಬರು ಬಟ್ಟೆ ಒಗೆಯುವ ಯಂತ್ರದಲ್ಲೂ ಸಣ್ಣ ಮೋಟಾರಿನಲ್ಲೂ ಸಿಗಬಹುದು. ಕಾರಿನ ಯಜಮಾನರಿಗೆ ಈ ಸಮಾನತೆ ಬೇರಿಂಗ್ ಹೋದದ್ದಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಆದರೆ ಇಲ್ಲಿಗೇ ಕುಣಿದಾಡಿ, ಮೋಟಾರಿನಿಂದ ಬಿಚ್ಚಿ ಕಾರಿಗೆ ಹಾಕುವವನೂ ಕೆಡುತ್ತಾನೆ. ನಂಬರಿನ ಬಾಲವನ್ನೂ ಓದಬೇಕು. ಝಡ್‌ಝಡ್ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರ್ ಸೀಲು, ಸಿ3 ಎಂದರೆ ಒಳಗೆ ಮಾಮೂಲಿಗಿಂತ ಕೊಂಚ ಹೆಚ್ಚು ಆಟ. ಕಾದ ಉಕ್ಕು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ಬೇರಿಂಗ್ ಆ ವೇಗದಲ್ಲಿ ಸುಟ್ಟುಹೋಗುತ್ತದೆ. ತಡೆಯುವ ವೇಗ ಎಷ್ಟು, ಗ್ರೀಸ್ ಯಾವುದು ಎಂಬುದನ್ನೂ ನೋಡಬೇಕು. ರೋಟರಿನ ಹಿಂತುದಿಯ ಸೂಜಿ ಬೇರಿಂಗಿನ ನಂಬರು ಯಾವ ಅಂಗಡಿಯ ಪುಸ್ತಕಕ್ಕೂ ಹೊಂದದಿದ್ದರೆ ವರ್ನಿಯರ್ ಹಿಡಿದು ಅಳೆಯುವುದೇ ದಾರಿ. ಕುಲ ಒಂದೇ ಆದರೂ ಗುಣ ಬೇರೆ ಎಂಬುದು ಒಕ್ಕದ ಹಿರಿಯರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಕೂರಿಸುವ ವಿಧಿ: ಶಾಫ್ಟಿಗೆ ಏರಿಸುವಾಗ ಒಳ ರೇಸಿನ (ಒಳಬಳೆಯ) ಮೇಲೆ, ಹೌಸಿಂಗಿಗೆ ಇಳಿಸುವಾಗ ಹೊರ ರೇಸಿನ ಮೇಲೆ ಮಾತ್ರ ಒತ್ತಡ. ಗುಂಡುಗಳ ಮೂಲಕ ಪೆಟ್ಟು ಹೋದರೆ ರೇಸಿನಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಹುಟ್ಟುವಾಗಲೇ ಮುದುಕ. ಪ್ರೆಸ್ ಇದ್ದರೆ ಉತ್ತಮ. ಹೌಸಿಂಗನ್ನು ನೂರು ಡಿಗ್ರಿಯ ಸುತ್ತಮುತ್ತ ಬಿಸಿಮಾಡಿ, ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಫ್ರೀಜರಿನಲ್ಲಿ ಹಂದಿಮಾಂಸದ ಪೊಟ್ಟಣದ ಪಕ್ಕ ಇಡಲು ಮನೆಯಾಕೆಯ ಅಪ್ಪಣೆ ಬೇಕೇ ಎಂಬ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ, ಮನೆಯಾಕೆ ಮೌನವಾಗಿರುವುದಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವನು ಬೇರಿಂಗ್ ಅಂಗಡಿಯಲ್ಲಿ "ಜರ್ಮನ್ ಕಾರಿಂದು" ಎಂದು ಬಾಯಿ ಬಿಡದೆ ಬರೀ ನಂಬರು ಹೇಳುವನು. ಬೆಲೆ ಅಲ್ಲಿಯೇ ಇಳಿಯುವುದು. ಎರಡು ಸಲ ಓದಿದವನು ಬಾಲವನ್ನೂ ಹೇಳುವನು. ಅಂಗಡಿಯವನು ಎದ್ದುನಿಂತು ಕುರ್ಚಿ ಕೊಡುವನು. ಮೂರು ಸಲ ಓದಿದವನು ಕಾರನ್ನು ಮಾರಿ ಜೀಪು ಕೊಳ್ಳುವನು.