ಯಾವ ವಾಚಿನ ಪ್ರಕಾರ?

ಕೈ ಕುಲುಕಲು ಬಂದವರು ನಿಮ್ಮ ಮುಖ ನೋಡುವ ಮೊದಲು ಮಣಿಕಟ್ಟು ನೋಡಿದರೆ, ಹಿಡಿದ ಕೈಯನ್ನು ಬಿಡದೆ ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿಕೊಂಡರೆ, ಅವರನ್ನು ಜ್ಯೋತಿಷಿ ಎಂದಾಗಲಿ ಕಿಸೆಗಳ್ಳ ಎಂದಾಗಲಿ ತಪ್ಪು ತಿಳಿಯಬೇಡಿ. ಅವರು ಅಗ್ಗದ ವಾಚುಗಳ ಭಕ್ತರು. ದುಬಾರಿ ವಾಚಿನವರ ಪಂಗಡ ಬೇರೆ. ಅವರು ಸೆಕೆಯ ನೆಪದಲ್ಲಿ ತೋಳು ಮಡಚಿ ತಮ್ಮ ಕೈ ತೋರಿಸುತ್ತಾರೆ. ಇವರು ನಿಮ್ಮ ಕೈ ನೋಡುತ್ತಾರೆ. ದುಬಾರಿಯವರಿಂದ ನಮಗಾಗುವ ತೊಂದರೆ ಹೊಟ್ಟೆಕಿಚ್ಚು ಮಾತ್ರ, ಅದು ಊಟವಾದ ಮೇಲೆ ಇಳಿಯುತ್ತದೆ. ಇವರಿಂದ ಆಗುವ ತೊಂದರೆ ಜ್ಞಾನ. ಅದಕ್ಕೆ ಮದ್ದಿಲ್ಲ.

ಇವರನ್ನು ಗುರುತಿಸುವುದು ಸುಲಭ. ಸಿನಿಮಾದಲ್ಲಿ ನಾಯಕಿ ಸಾಯುತ್ತಿರುವಾಗ ಥಿಯೇಟರಿಗೆ ಥಿಯೇಟರೇ ಮೂಗು ಒರೆಸಿಕೊಳ್ಳುತ್ತಿದ್ದರೆ, ಇವರು ಪಕ್ಕದವರ ಕಿವಿಯಲ್ಲಿ, "ಕತೆ 1965ರದ್ದು, ನಾಯಕನ ಕೈಯಲ್ಲಿರೋದು ಕ್ವಾರ್ಟ್ಸ್. ಸೆಕೆಂಡಿನ ಮುಳ್ಳು ಕುಪ್ಪಳಿಸ್ತಿದೆ ನೋಡಿ" ಎನ್ನುತ್ತಾರೆ. ಸಾವಿನ ಮನೆಗೆ ಹೋದರೆ ಹತ್ತು ನಿಮಿಷ ತಲೆ ತಗ್ಗಿಸಿ ಕೂತು, ಹನ್ನೊಂದನೆಯ ನಿಮಿಷಕ್ಕೆ, "ಯಜಮಾನರು ಒಂದು ಹಳೇ ಪೈಲಟ್ ಕಟ್ಟುತ್ತಿದ್ದರಲ್ಲ, ಅದು..." ಎಂದು ಮಾತು ತೆಗೆಯುತ್ತಾರೆ. ಭಾನುವಾರ ಬೆಳಿಗ್ಗೆ ತರಕಾರಿಗೆಂದು ಚೀಲ ಹಿಡಿದು ಹೊರಟವರು ಸಂಡೇ ಬಜಾರಿನ ತಾಡಪಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಡಯಲ್ ಒರಿಜಿನಲ್ಲಾ, ಪೇಂಟ್ ಮಾಡಿದ್ದಾ? ಬೆನ್ನು ಬಿಚ್ಚು ನೋಡೋಣ" ಎನ್ನುತ್ತಿರುತ್ತಾರೆ. ಹೊಸ ವಾಚು ಅಂಚೆಯಲ್ಲಿ ಬರುವುದು ಪಕ್ಕದ ಮನೆಯ ವಿಳಾಸಕ್ಕೆ.

ಇಂಥವರು ಊರಿನಲ್ಲಿ ಎಷ್ಟೋ ಮಂದಿ ಇರಬಹುದು. ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಸಜ್ಜನರು, ಸಾಲ ಕೇಳದವರು. ಎಡಗೈಗೆ ಎಚ್‌ಎಂಟಿ ಜನತಾ, ಬಲಗೈಗೆ ಕ್ಯಾಸಿಯೊ ಎಫ್-91ಡಬ್ಲ್ಯೂ. ಇಷ್ಟಿದ್ದರೂ ಅವರಿಂದ ಟೈಮು ತಿಳಿದುಕೊಂಡ ಒಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಗಂಟೆ ಎಷ್ಟೆಂದು ಕೇಳಿದರೆ ಅವರು ಮೊದಲು ಕೇಳುವ ಪ್ರಶ್ನೆ: "ಯಾವ ವಾಚಿನ ಪ್ರಕಾರ?"

ನನ್ನ ಭಾವಮೈದುನನ ಮಗಳ ಮದುವೆಯಲ್ಲಿ ನಡೆದದ್ದನ್ನು ಹೇಳಿದರೆ ಸಾಕು. ಧಾರೆಗೆ ಮುಹೂರ್ತ 10.32ರಿಂದ 10.48. ಅಂತರಪಟ ಹಿಡಿದಾಗಿತ್ತು. ಆಚೆ ವರ, ಈಚೆ ವಧು, ಇಬ್ಬರ ಮುಷ್ಟಿಯಲ್ಲೂ ಜೀರಿಗೆ ಬೆಲ್ಲ. ಛತ್ರದ ಗೋಡೆ ಗಡಿಯಾರ ಯಾವುದೋ ಹಳೆಯ ಮದುವೆಯ ಮುಹೂರ್ತಕ್ಕೇ ನಿಂತುಬಿಟ್ಟಿತ್ತು. ಪುರೋಹಿತರು ಸುತ್ತ ನೋಡಿ, ಎರಡೂ ಕೈಗೆ ವಾಚು ಕಟ್ಟಿದ ಒಬ್ಬ ಮಹನೀಯರನ್ನು ಕಂಡು, ಇವರಿಗಿಂತ ಖಚಿತ ಯಾರು ಎಂದುಕೊಂಡು, "ಸ್ವಾಮಿ, ಟೈಮೆಷ್ಟಾಯ್ತು?" ಎಂದರು.

"ಯಾವ ವಾಚಿನ ಪ್ರಕಾರ?" ಎಂದರು ಷಡ್ಡಕರು.

ಪುರೋಹಿತರು ಹೊಸಬರು. "ಯಾವುದಾದರೂ ಆಗಲಿ" ಎಂದುಬಿಟ್ಟರು. ಆ ಮಾತು ಷಡ್ಡಕರ ಮನಸ್ಸಿಗೆ ನಾಟಿತು. ಯಾವುದಾದರೂ ಆಗುವುದಾದರೆ ಮನುಷ್ಯ ವಾಚನ್ನೇಕೆ ಕಟ್ಟಬೇಕು? ಅವರು ವಿವರಿಸಿದರು: ಎಡಗೈಯ ಜನತಾ ಕೀ ಕೊಡುವ ವಾಚು, ದಿನಕ್ಕೆ 40 ಸೆಕೆಂಡು ಮುಂದೆ ಓಡುತ್ತದೆ, ಮಂಗಳವಾರ ಸರಿಮಾಡಿದ್ದು, ಇವತ್ತು ಭಾನುವಾರ, ಆದ್ದರಿಂದ ಅದು ತೋರಿಸುವುದರಲ್ಲಿ 3 ನಿಮಿಷ 20 ಸೆಕೆಂಡು ಕಳೆಯಬೇಕು. ಬಲಗೈಯದು ಕ್ವಾರ್ಟ್ಸ್. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ; ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ತಿಂಗಳಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. "ಆದರೆ ಶುಭಕಾರ್ಯಕ್ಕೆ ಬ್ಯಾಟರಿ ಸೆಲ್ಲಿನ ಟೈಮು ನಡೆಯುತ್ತದೆಯೇ ಎಂಬುದನ್ನು ನೀವೇ ಹೇಳಬೇಕು" ಎಂದು ಧರ್ಮಸೂಕ್ಷ್ಮವನ್ನು ಪುರೋಹಿತರ ತಲೆಗೆ ಕಟ್ಟಿದರು.

ಅಲ್ಲಿಗಾದರೂ ಮುಗಿಯಬೇಕಿತ್ತು. ಪುರೋಹಿತರು ಜನತಾದ ಕಡೆ ಬಾಗಿ, "ನಮ್ಮ ತಂದೆಯವರ ಹತ್ತಿರಾನೂ ಇದೇ ಇತ್ತು" ಎಂದುಬಿಟ್ಟರು. ಷಡ್ಡಕರ ಕಣ್ಣು ಬೆಳಗಿದವು. "ಇದು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತೆ. ಗಂಟೆಗೆ 18 ಸಾವಿರ. ದಿನಕ್ಕೆ ಎಷ್ಟಾಯ್ತು? 4,32,000. ಕಲಿಯುಗಕ್ಕೆ ಎಷ್ಟು ವರ್ಷ?" ಸಂಕಲ್ಪದಲ್ಲಿ ನಿತ್ಯ ಕಲಿಯುಗದ ಹೆಸರು ಹೇಳುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಮಿಷವಿಲ್ಲ. "4,32,000!" ಎಂದು ಪುರೋಹಿತರು ಪುಳಕಗೊಂಡರು. "ಹಾಗಾದರೆ ದ್ವಾಪರ ಎರಡು ದಿನ, ತ್ರೇತಾ ಮೂರು, ಕೃತ ನಾಲ್ಕು" ಎಂದು ಬೆರಳು ಮಡಚಿದರು. "ಒಟ್ಟು ಹತ್ತು ದಿನ. ಹತ್ತು ಸಲ ಕೀ ಕೊಟ್ಟರೆ ಒಂದು ಮಹಾಯುಗ!" ಎಂದು ಷಡ್ಡಕರು ಪೂರ್ಣಾಹುತಿ ಕೊಟ್ಟರು. ಅಂತರಪಟ ಹಿಡಿದ ಸೋದರಮಾವಂದಿರ ತೋಳು ನಡುಗುತ್ತಿತ್ತು. ವಧುವಿನ ಮುಷ್ಟಿಯಲ್ಲಿ ಬೆಲ್ಲ ಕರಗಿ ಮೊಣಕೈವರೆಗೆ ಇಳಿದಿತ್ತು. ಕೊನೆಗೆ ಡೋಲಿನವನು ಜೇಬಿನಿಂದ ಮೊಬೈಲು ತೆಗೆದು ನೋಡಿದವನೇ ಯಾರ ಅಪ್ಪಣೆಗೂ ಕಾಯದೆ ಗಟ್ಟಿಮೇಳ ಬಾರಿಸಿಬಿಟ್ಟ. ಆ ದಂಪತಿ ಸುಖವಾಗಿದ್ದಾರೆ. ಅದರ ಪುಣ್ಯ ಡೋಲಿನವನಿಗೆ ಸೇರಬೇಕು.

ಷಡ್ಡಕರ ಮನೆದೇವರು ತಿರುಪತಿಯಲ್ಲಿದ್ದರೂ ಇಷ್ಟದೇವತೆಗಳೆಲ್ಲ ಗಡಿಯಾರದವರು. ಮೊದಲ ಪೂಜೆ ಜಾರ್ಜ್ ಫ್ರೆಡೆರಿಕ್ ರಾಸ್ಕಾಫ್‌ಗೆ. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಈ ಜರ್ಮನ್ ಕುಶಲಕರ್ಮಿ 1867ರಲ್ಲಿ 20 ಫ್ರಾಂಕಿಗೆ ಒಂದು ಜೇಬು ಗಡಿಯಾರ ಹೊರತಂದ. ಕೂಲಿಕಾರನೂ ಕೊಳ್ಳುವಂತಿರಬೇಕು ಎಂಬ ಹಟಕ್ಕೆ ಬಿಡಿಭಾಗಗಳನ್ನು ಕಡಿಮೆ ಮಾಡುತ್ತಾ 57ಕ್ಕೆ ಇಳಿಸಿದ, ಬೆಲೆಬಾಳುವ ಹರಳಿನ ಜಾಗದಲ್ಲಿ ಉಕ್ಕಿನ ಪಿನ್ನು ಕೂರಿಸಿದ. ಗೌರವಸ್ಥ ಗಡಿಯಾರದವರು ಮೂಗು ಮುರಿದರು. ಈ ಮೂಗು ಮುರಿಯುವ ಭಾಗ ಬಂದಾಗ ಷಡ್ಡಕರ ದನಿ ಗದ್ಗದವಾಗುತ್ತದೆ, ರಾಸ್ಕಾಫ್ ಅವರದೇ ಬ್ರಾಂಚಿನಲ್ಲಿ ಪ್ರಮೋಷನ್ ತಪ್ಪಿದ ಗುಮಾಸ್ತನೇನೋ ಎಂಬಂತೆ.

ಎರಡನೆಯ ದೇವರು ಜಪಾನಿನ ಕಿಕುವೊ ಇಬೆ. ಅಪ್ಪ ಕೊಡಿಸಿದ ವಾಚು ಬಿದ್ದು ಚೂರಾದ ಸಂಕಟಕ್ಕೆ, ಬಿದ್ದರೂ ಒಡೆಯದ ವಾಚು ಮಾಡಲು ಹೊರಟ ಕ್ಯಾಸಿಯೊ ಎಂಜಿನಿಯರ್. ಆಫೀಸಿನ ಮೂರನೆಯ ಮಹಡಿಯ ಶೌಚಾಲಯದ ಕಿಟಕಿಯಿಂದ ಒಂದಾದ ಮೇಲೊಂದು ಮಾದರಿಯನ್ನು ಬೀಳಿಸಿ ನೋಡುತ್ತಿದ್ದ. ಮೆತ್ತನೆಯದನ್ನು ಎಷ್ಟು ಸುತ್ತಿದರೂ ಒಳಗಿನ ಯಾವುದೋ ಒಂದು ಭಾಗ ಒಡೆಯುತ್ತಿತ್ತು. ಪಾರ್ಕಿನಲ್ಲಿ ಹುಡುಗಿಯೊಬ್ಬಳು ಚೆಂಡು ಪುಟಿಸುವುದನ್ನು ಕಂಡಾಗ ಉಪಾಯ ಹೊಳೆಯಿತು: ಯಂತ್ರವನ್ನು ಚೆಂಡಿನ ನಡುವೆ ತೇಲಿಬಿಟ್ಟ ಹಾಗೆ ಕೂರಿಸಬೇಕು. 1983ರಲ್ಲಿ ಜಿ-ಶಾಕ್ ಬಂತು. ಇಷ್ಟು ಹೇಳಿ ಷಡ್ಡಕರು ನಿಲ್ಲಿಸಿದರೆ ಕೇಳಲು ಚಂದ. ಆದರೆ ಅವರು ಎದ್ದು, ನಿಮ್ಮ ಮಗನ ಕೈಯಲ್ಲಿರುವುದನ್ನು ಬಿಚ್ಚಿಕೊಂಡು, "ನಿಮ್ಮ ಬಾಲ್ಕನಿ ಎಷ್ಟನೇ ಮಹಡಿ?" ಎನ್ನುತ್ತಾರೆ.

ಅದೇ 1983ರ ಮಾರ್ಚ್ 1ರಂದು ಜ್ಯೂರಿಕ್‌ನಲ್ಲಿ ಸ್ವಾಚ್ ಬಿಡುಗಡೆಯಾಯಿತು. ಅದರ ಹಿಂದಿನ ಕತೆಯನ್ನು ಷಡ್ಡಕರು ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳುತ್ತಾರೆ. ಹಾಗಾಗಿ ನಾವೂ ನಿಂತೇ ಕೇಳಬೇಕು. 1969ರ ಕ್ರಿಸ್‌ಮಸ್ ದಿನ ಸೈಕೊ ಕಂಪನಿ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ ನಾಲ್ಕೂವರೆ ಲಕ್ಷ ಯೆನ್, ಒಂದು ಸಣ್ಣ ಕಾರಿನ ಬೆಲೆ. ಮುಂದೆ ಅದೇ ವಿದ್ಯೆ ಅಗ್ಗವಾಗುತ್ತಾ ಬಂದು ಸ್ವಿಟ್ಜರ್ಲೆಂಡಿನ ಬುಡ ಅಲ್ಲಾಡಿತು. 1970ರಲ್ಲಿ ಸುಮಾರು 90 ಸಾವಿರವಿದ್ದ ಅಲ್ಲಿಯ ಗಡಿಯಾರ ಕೆಲಸಗಾರರು ಹದಿನೈದು ವರ್ಷದಲ್ಲಿ ಮೂರನೆಯ ಒಂದು ಭಾಗದಷ್ಟಾದರು. ಆ ಕುಸಿತದ ನಡುವೆಯೇ ಎಲ್ಮಾರ್ ಮೋಕ್ ಮತ್ತು ಜಾಕ್ ಮ್ಯುಲ್ಲರ್ ಎಂಬ ಇಬ್ಬರು ಎಂಜಿನಿಯರುಗಳು ಪ್ಲಾಸ್ಟಿಕ್ ಕವಚದ ತಳವನ್ನೇ ಯಂತ್ರದ ಅಡಿಪಾಯ ಮಾಡಿ, ತೊಂಬತ್ತಕ್ಕೂ ಹೆಚ್ಚು ಭಾಗ ಬೇಡುತ್ತಿದ್ದ ವಾಚನ್ನು 51 ಭಾಗದಲ್ಲಿ ಮುಗಿಸಿದರು. ಮೇಲಿನ ಗಾಜನ್ನು ಬೆಸೆದುಬಿಟ್ಟದ್ದರಿಂದ ಅದನ್ನು ರಿಪೇರಿಗೆ ಬಿಚ್ಚಲಾಗದು. ಕಂಡ ವಾಚಿನ ಬೆನ್ನೆಲ್ಲ ಬಿಚ್ಚುವ ಷಡ್ಡಕರಿಗೆ ಇದೊಂದು ಮಾಸದ ನೋವು. "ಜಾಣತನವೇನೋ ಹೌದು. ಆದರೆ ವಿಶ್ವಾಸ ಇಲ್ಲ" ಎನ್ನುತ್ತಾರೆ.

ಅವರಿಗೆ ವಿಶ್ವಾಸವೆಂದರೆ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಮುಂದೆ ತುಮಕೂರಿನಲ್ಲೂ ಒಂದು ಬಂತು. ಎಸ್‌ಎಸ್‌ಎಲ್‌ಸಿ ಪಾಸಾದರೆ ಎಚ್‌ಎಂಟಿ, ಮದುವೆಯಾದರೆ ಎಚ್‌ಎಂಟಿ. ಜವಾನ್, ಪೈಲಟ್, ಸೋನಾ, ಕೋಹಿನೂರ್, ಕಾಂಚನ್. ಕಣ್ಣು ಕಾಣದವರಿಗೆ ಮುಚ್ಚಳ ತೆರೆದು ಮುಳ್ಳು ಮುಟ್ಟಿ ನೋಡುವ ಬ್ರೈಲ್ ವಾಚು ಕೂಡ. ಬೇಕೆಂದಾಗ ಸಿಗುತ್ತಿರಲಿಲ್ಲ, ಹೇಳಿಟ್ಟು ಕಾಯಬೇಕಿತ್ತು. ನಮ್ಮ ಮಾವನವರು ಕಾದು ಎರಡು ಜನತಾ ಸಂಪಾದಿಸಿ, ಬೆನ್ನಿನ ಮೇಲೆ ಆಯಾ ಮದುವೆಯ ದಿನಾಂಕ ಕೆತ್ತಿಸಿ ಇಬ್ಬರು ಅಳಿಯಂದಿರಿಗೂ ಕೊಟ್ಟಿದ್ದರು. ಹಿರಿಯ ಅಳಿಯನದು ಈಗಲೂ ಷಡ್ಡಕರ ಎಡಗೈಯಲ್ಲಿದೆ. ಕಿರಿಯ ಅಳಿಯನಾದ ನನ್ನದನ್ನು ಅವರು "ಸರ್ವಿಸ್ ಮಾಡಿಸಿ ಕೊಡ್ತೀನಿ" ಎಂದು ಒಯ್ದದ್ದು ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗ. ಅವಳಿಗೀಗ ಕೆಲಸ ಸಿಕ್ಕಿದೆ.

1987ರಲ್ಲಿ ಹೊಸೂರಿನಿಂದ ಟೈಟನ್ ಕ್ವಾರ್ಟ್ಸ್ ವಾಚುಗಳು ಬಂದವು. ಜನರಿಗೆ ಬೆಳಿಗ್ಗೆ ಎದ್ದು ಕೀ ಕೊಡುವ ವ್ಯವಧಾನ ಕಡಿಮೆಯಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ ಬಂದ ದಿನ ಷಡ್ಡಕರು ನನಗೆ ಫೋನು ಮಾಡಿದ್ದರು. ಫೋನಿನಲ್ಲಿ ಒಂದೇ ಒಂದು ಅಂಕಿಸಂಖ್ಯೆ ಹೇಳಲಿಲ್ಲ. "ಮುಚ್ಚಿದರಂತೆ" ಎಂದರು, ಇಟ್ಟುಬಿಟ್ಟರು. ಅವರ ಬಗ್ಗೆ ನನಗಿರುವ ದೂರುಗಳ ಪಟ್ಟಿ ಉದ್ದವಿದೆ, ಆ ಫೋನು ಮಾತ್ರ ಅದರಲ್ಲಿಲ್ಲ.

ಒಮ್ಮೆ ಅವರನ್ನು ನೇರವಾಗಿ ಕೇಳಿದೆ: "ಟೈಮು ಹೇಳಲು ಬಾರದ ನಿಮಗೆ ಇಷ್ಟು ವಾಚು ಯಾಕೆ?" ಅವರು ಸಿಟ್ಟಾಗಲಿಲ್ಲ. "ಲಕ್ಷ ಕೊಟ್ಟರೆ ಯಾರು ಬೇಕಾದರೂ ಒಳ್ಳೇ ವಾಚು ಮಾಡ್ತಾರೆ. ಕೂಲಿಯವನ ಸಂಬಳದಲ್ಲಿ ಒಳ್ಳೇದು ಮಾಡಬೇಕಾದರೆ ತಲೆ ಬೇಕು. ಆ ತಲೆ ನೋಡೋಕೆ ನಾನು ಬೆನ್ನು ಬಿಚ್ಚೋದು" ಎಂದರು. ಮಾತು ನನ್ನೊಳಗೆ ಇಳಿಯಿತು. ಎಷ್ಟು ಖರ್ಚಾಯಿತು ಎಂಬುದರಲ್ಲೇ ಹಿರಿಮೆ ಕಾಣುವ ನಾವು, ಎಷ್ಟು ಉಳಿಯಿತು ಎಂಬುದರಲ್ಲಿ ಒಬ್ಬ ಮನುಷ್ಯನ ಬುದ್ಧಿಯೂ ಕರುಣೆಯೂ ಇರಬಹುದೆಂದು ಯೋಚಿಸುವುದೇ ಇಲ್ಲ. ಉಪದೇಶದ ಧಾಟಿ ಬಂತೆಂದು ಕಾಣುತ್ತದೆ; ಷಡ್ಡಕರ ಸಹವಾಸ.

ಆದರೆ ನಾನೂ ಸುಮ್ಮನೆ ಬಿಡುವವನಲ್ಲ. "ಎಲ್ಲ ಸರಿ. ಅಂಗಡಿಯಲ್ಲಿ ಸಿಗದಿದ್ದ ಮೇಲೆ ನಿಮ್ಮಂಥವರು ಪೈಪೋಟಿಗೆ ಬಿದ್ದು ಕೊಂಡು ಜನತಾದ ರೇಟು ಏರಿಸಿದಿರಿ. ಜನತಾ ಈಗ ಜನತೆಗೆ ಎಟುಕೋದಿಲ್ಲ. ರಾಸ್ಕಾಫ್ ಕೇಳಿದರೆ ಏನು ಹೇಳ್ತೀರಿ?" ಎಂದೆ. ಷಡ್ಡಕರು ಅಂದು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮರುವಾರವೇ ದಾನ ಶುರುವಾಯಿತು. ಮೊದಲ ಪಾತ್ರ, ಅವರ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ವಾಚ್‌ಮನ್, ರಾಯಚೂರು ಕಡೆಯ ಹುಡುಗ. ಒಂದು ಜನತಾ ಅವನ ಕೈಗಿಟ್ಟು, ಕೀ ಕೊಡುವುದು ಹೇಗೆ, ಯಾಕೆ, 17 ಹರಳು ಎಲ್ಲೆಲ್ಲಿವೆ ಎಂದು ಪಾಠ ಮಾಡಿದರು. ಹುಡುಗ ವಿನಯದಿಂದ ಪೂರ್ತಿ ಕೇಳಿ, ವಾಚನ್ನು ಹಿಂದಕ್ಕೆ ಕೊಟ್ಟು, ಅವರ ಬಲಗೈ ತೋರಿಸಿದನಂತೆ. "ಸಾರ್, ಅದು ಕೊಡ್ರಿ. ಅದ್ರಾಗ ಲೈಟ್ ಐತಿ, ಅಲಾರಂ ಐತಿ. ಮಳ್ಯಾಗ ನೆನದ್ರೂ ನಡೀತೈತಿ." ಷಡ್ಡಕರಿಗೆ ಮೊದಲು ಅವಮಾನವಾಯಿತು, ಮೆಟ್ಟಿಲು ಹತ್ತುವಷ್ಟರಲ್ಲಿ ಆನಂದವಾಯಿತು. 1989ರಲ್ಲಿ ಬಂದ, 21 ಗ್ರಾಂ ತೂಗುವ, ಒಂದು ಸೆಲ್ಲಿಗೆ ಏಳು ವರ್ಷ ನಡೆಯುವ ಆ ಪ್ಲಾಸ್ಟಿಕ್ ವಾಚನ್ನು ಮೋಹದಿಂದಲ್ಲದೆ ಕೆಲಸಕ್ಕೆಂದು ಆರಿಸಿಕೊಂಡ ಮೊದಲ ಮನುಷ್ಯನನ್ನು ಅವರು ಕಂಡಿದ್ದರು. ಹೊಸದೇ ತಂದುಕೊಟ್ಟರು. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಮೇಲೆ ಕ್ಯಾಸಿಯೊ ಹೆಸರು ಮೂಡುತ್ತದೆ, ಅಸಲಿಯೆಂಬುದಕ್ಕೆ ಅದೇ ಗುರುತು ಎಂದೂ ಕಲಿಸಿದರಂತೆ. ಅವನು ಈಗ ಬಂದವರಿಗೆಲ್ಲ ಗೇಟಿನಲ್ಲಿ ಅದನ್ನೇ ಮಾಡಿ ತೋರಿಸುತ್ತಾನೆ. ಪಂಗಡಕ್ಕೆ ಒಬ್ಬ ಹೆಚ್ಚಾದ.

ಹುಡುಗ ಬೇಡವೆಂದ ಜನತಾವನ್ನು ಷಡ್ಡಕರು ನನಗೆ ದಾನ ಮಾಡಿದ್ದಾರೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಬೇಕು, ಕಟ್ಟಿಕೊಂಡು ಕೈ ತೊಳೆಯಬಾರದು, ಸ್ಪೀಕರಿನ ಹತ್ತಿರ ಇಡಬಾರದು, ಮೂರು ತಿಂಗಳಿಗೊಮ್ಮೆ ಅವರು ಬಂದು ತಪಾಸಣೆ ಮಾಡುವಾಗ ಅಡ್ಡಿಪಡಿಸಬಾರದು. ಎಲ್ಲದಕ್ಕೂ ಒಪ್ಪಿ ಕೈಗೆ ತೆಗೆದುಕೊಂಡು, ಅವರ ಶಿಷ್ಯವೃತ್ತಿಯಿಂದ ಬಂದ ಅಭ್ಯಾಸಬಲದಲ್ಲಿ ಬೆನ್ನು ತಿರುಗಿಸಿ ನೋಡಿದೆ. ನನ್ನ ಮದುವೆಯ ದಿನಾಂಕವಿತ್ತು. ಸರ್ವಿಸ್ ಮಾತ್ರ ಚೆನ್ನಾಗಿ ಮಾಡಿಸಿದ್ದಾರೆ.