ಹಂಚು ಮೀಮಾಂಸೆ

ಇಷ್ಟು ಕಾಲ ತಲೆಯ ಮೇಲೇ ಕೂತಿದ್ದರೂ ವಿದ್ವಾಂಸರ ತಲೆಯೊಳಗೆ ಇಳಿಯದೆ ಉಳಿದ ಶಬ್ದವೆಂದರೆ ‘ಹಂಚು’. ಕೇಶಿರಾಜ 13ನೆಯ ಶತಮಾನದಲ್ಲಿ ಕನ್ನಡದ ಧಾತುಗಳನ್ನು ಪಟ್ಟಿ ಮಾಡಿಟ್ಟು ಹೋದ. ಮಾಡಿನ ಕಡೆ ಕತ್ತೆತ್ತಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಆಮೇಲಿನವರು ಸಂಧಿ ಸಮಾಸಗಳ ಜಗಳದಲ್ಲಿದ್ದರು. ಮಾಡು ಸೋರಿದರೆ ಕೆಳಗೊಂದು ಚೊಂಬು ಇಟ್ಟು, ಓಲೆಗರಿಯನ್ನು ಎರಡು ಮೊಳ ಆಚೆ ಸರಿಸಿ ವಾದ ಮುಂದುವರಿಸಿದರು. ಹೀಗಾಗಿ ಈ ಶಬ್ದದ ಭಾರವೆಲ್ಲ ನಮ್ಮ ಮೇಲೆ ಬಿದ್ದಿದೆ. ಶಬ್ದವಷ್ಟೇ ಬಿದ್ದದ್ದು ಪುಣ್ಯ.

ಮೊದಲು ಸಮಸ್ಯೆಯ ಸ್ವರೂಪ. ‘ಮನೆ ಹಂಚು’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಅಂಗಡಿಯವನು ಹೇಳಿದರೆ ಅದು ಸರಕು. ಕಿರಿಯ ಮಗ ಹೇಳಿದರೆ ಅದೇ ಸಿವಿಲ್ ದಾವೆಯ ಪೀಠಿಕೆ. ನಾಮಪದ ಯಾವುದು, ವಿಧ್ಯರ್ಥದ ಕ್ರಿಯಾಪದ ಯಾವುದು ಎಂಬುದನ್ನು ವ್ಯಾಕರಣ ತೀರ್ಮಾನಿಸಲಾರದು. ಜಿಲ್ಲಾ ನ್ಯಾಯಾಲಯ ತೀರ್ಮಾನಿಸುತ್ತದೆ, ಅದೂ ಬಹಳ ವರ್ಷ ತೆಗೆದುಕೊಂಡು. ಅಷ್ಟರಲ್ಲಿ ಹಂಚಿಕೊಳ್ಳಬೇಕಾದ ಮನೆಯ ಹಂಚು ಒಂದೊಂದಾಗಿ ಉದುರಿ, ಹಂಚಿಕೊಳ್ಳಲು ಗೋಡೆ ಮಾತ್ರ ಉಳಿದಿರುತ್ತದೆ.

ಎರಡೂ ಒಂದೇ ಶಬ್ದವೆಂಬುದು ನಮ್ಮ ಸಿದ್ಧಾಂತ. ಬೇರೆ ಬೇರೆ ಎಂಬುದು ಭಾಷಾಶಾಸ್ತ್ರಜ್ಞರ ಮತ. ಅವರ ಪ್ರಕಾರ ಹಳಗನ್ನಡದಲ್ಲಿ ‘ಪಂಚು’ ಎಂದರೆ ಪಾಲು ಮಾಡು. ಮಡಕೆಯ ಓಡಿಗೂ ಮಾಡಿನ ಓಡಿಗೂ ಹೆಸರಾದ ‘ಪಂಚು’ವಿನ ಮೂಲ ಬೇರೆ. ನಡುಗನ್ನಡಕ್ಕೆ ಬರುವ ದಾರಿಯಲ್ಲಿ ಪಕಾರ ಹಕಾರವಾಗಿ ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಂಚುಗಳೆರಡೂ ಹಂಚಾದವು. ಇದು ನಿಜವೇ ಆದರೂ ಅಪೂರ್ಣ. ಈ ನಿಯಮ ಎಲ್ಲ ಕಡೆ ಏಕೆ ನಡೆಯಲಿಲ್ಲ? ಹಾಲು ಹಿಂದೆ ‘ಪಾಲ್’ ಆಗಿತ್ತು, ಒಪ್ಪೋಣ. ಆದರೆ ಆಸ್ತಿಯ ಪಾಲು ಇವತ್ತಿಗೂ ಪಾಲೇ. ಅದೂ ಹಾಲಾಗಿದ್ದರೆ, ಪಾಲು ಕೇಳಲು ಬಂದ ದಾಯಾದಿಗಳಿಗೆ ಒಂದೊಂದು ಲೋಟ ಕುಡಿಸಿ ಸಾಗಹಾಕಬಹುದಿತ್ತು. ದಾಯಾದಿಗಳೇ ಈ ಧ್ವನಿಪಲ್ಲಟಕ್ಕೆ ತಡೆಯಾಜ್ಞೆ ತಂದಿರಬೇಕು.

ಇನ್ನೊಂದು ಪದ ಇನ್ನೂ ಮುಖ್ಯ: ಪಂಚಾಯಿತಿ. ಐದು ಜನ ಕೂಡುವುದರಿಂದ ಪಂಚಾಯಿತಿ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಮೇಲಿನ ನಿಯಮವನ್ನು ಹಚ್ಚಿ ನೋಡಿ. ಪಕಾರ ಹೋಗಿ ಹಕಾರ ಬಂದರೆ ‘ಹಂಚಾಯಿತಿ’, ಅಂದರೆ ‘ಹಂಚಿ ಆಯಿತು’. ಮನೆಗಳ ಹಂಚಿಕೆಯ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಲು ಹೋದವರಿಗೆ ಕಿಟಕಿಯಾಚೆಯಿಂದ ಸಿಗುವ ಉತ್ತರವೂ ಅಕ್ಷರಶಃ ಇದೇ. ಶಬ್ದ ಮತ್ತು ಅರ್ಥ ಇಷ್ಟು ಹತ್ತಿರ ಬಂದ ಇನ್ನೊಂದು ಉದಾಹರಣೆ ಕನ್ನಡದಲ್ಲಿ ನಮಗೆ ಕಂಡಿಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ಹಳೆಯದು ನಾಡಹಂಚು. ಕುಂಬಾರರು ಕೈಯಲ್ಲಿ ಮಾಡಿ ಸುಡುತ್ತಿದ್ದ ಅರ್ಧ ಕೊಳವೆ. ಒಂದು ಸಾಲು ಅಂಗಾತ, ಒಂದು ಸಾಲು ಬೋರಲು. ಬೆಕ್ಕು ಓಡಾಡಿದರೂ ಜಾಗ ಬಿಡುವ ಸ್ವಭಾವ ಅದರದು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ 1865ರಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾಯಿತು. ಅದರ ಹಿಂದಿದ್ದವನು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ, ಅಂಚಿಗೆ ಗಾಡಿ ಕೊರೆದು, ಒಂದರ ಅಂಚು ಇನ್ನೊಂದರೊಳಗೆ ಕೂರುವಂತೆ, ಹಿಂದಿನ ಮೂತಿ ರೀಪಿಗೆ ಕಚ್ಚಿಕೊಳ್ಳುವಂತೆ ಮಾಡಿದರು. ಕನ್ನಡಿಗರು ಒಬ್ಬರನ್ನೊಬ್ಬರು ಹೀಗೆ ಹಿಡಿದುಕೊಂಡು ನಿಂತದ್ದು ಮಾಡಿನ ಮೇಲೆ ಮಾತ್ರ ಎಂದು ಒಂದು ಟೀಕೆಯುಂಟು. ಆ ವಿಷಯ ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಗಮನಿಸಬೇಕಾದ್ದು ಏನೆಂದರೆ, ಮಂಗಳೂರಿನಲ್ಲಿ ಅಚ್ಚುಕೂಟ ನಡೆಸಿದವರೂ ಇವರೇ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮಿಶನ್ನಿನಿಂದ, ಇದೇ ಊರಿನಿಂದ. ಒಂದು ಕಡೆ 70,000ದಷ್ಟು ಪದಗಳು, ಇನ್ನೊಂದು ಕಡೆ ಲೆಕ್ಕವಿಲ್ಲದಷ್ಟು ಹಂಚು. ಓದುಗರ ದೃಷ್ಟಿಯಿಂದ ನೋಡಿದರೆ ಹಂಚೇ ದೊಡ್ಡ ಪ್ರಕಟಣೆ. ಅದರ ಮೈಮೇಲೆ ಕಾರ್ಖಾನೆಯ ಹೆಸರನ್ನೂ ಊರನ್ನೂ ಉಬ್ಬಕ್ಷರದಲ್ಲಿ ಒತ್ತಿರುತ್ತಾರೆ. ಮಧ್ಯಾಹ್ನ ಊಟ ಮಾಡಿ ಅಂಗಾತ ಮಲಗಿದವನು ಕನ್ನಡಕವನ್ನು ಹುಡುಕದೆ, ಪುಟ ತಿರುವದೆ ಓದಬಹುದಾದ ಗ್ರಂಥ ಬೇರೊಂದಿಲ್ಲ. ಚದರ ಮೀಟರಿಗೆ ಸುಮಾರು 15 ಹಂಚು ಬೇಕೆಂದರೆ, 100 ಚದರ ಮೀಟರಿನ ಮಾಡಿಗೆ 1,500 ಪ್ರತಿ. ಕನ್ನಡದ ಪ್ರಕಾಶಕರು 1,000 ಪ್ರತಿ ಅಚ್ಚು ಹಾಕಿ ಅರ್ಧವನ್ನು ಅಟ್ಟದ ಮೇಲಿಡುತ್ತಾರೆ. ಅಟ್ಟದ ಮೇಲೂ ಹಂಚೇ ಇದೆ.

‘ಹಂಚು’ ಸರಿಯೋ ‘ಹೆಂಚು’ ಸರಿಯೋ ಎಂಬ ವಿವಾದವನ್ನೂ ಇಲ್ಲಿಯೇ ಬಗೆಹರಿಸಿಬಿಡೋಣ. ನಮ್ಮ ಊಹೆ ಹೀಗಿದೆ. ಮಿಶನ್ನಿನ ಹೊಸಬನೊಬ್ಬ ಮಾಡಿನ ಕಡೆ ಬೆರಳು ತೋರಿಸಿ, ತನ್ನ ಭಾಷೆಯಲ್ಲಿ, ಅದರ ಹೆಸರೇನೆಂದು ಕೇಳಿದ. ಪ್ರಶ್ನೆ ಅರ್ಥವಾಗದ ತುಳುವ ಕೆಲಸಗಾರ “ಎಂಚಿನ?” ಎಂದ. ತುಳುವಿನಲ್ಲಿ ಹಾಗೆಂದರೆ ‘ಏನದು?’ ಎಂದರ್ಥ. ಸಾಹೇಬ ‘ಹೆಂಚಿನ’ ಎಂದು ಬರೆದುಕೊಂಡ. ಷಷ್ಠಿ ವಿಭಕ್ತಿಯನ್ನು ಕಳಚಿದಾಗ ‘ಹೆಂಚು’ ಉಳಿಯಿತು. ಇದನ್ನು ಒಪ್ಪದವರು, ತುಳುವಿನಲ್ಲಿ ಹಂಚಿಗೆ ‘ಓಡು’ ಎಂಬ ಪದ ಇದ್ದೇ ಇದೆ, ಅದನ್ನೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಉತ್ತರ ಸುಲಭ: ಹೇಳಿದ. ಪಕ್ಕದಲ್ಲಿ ನಿಂತಿದ್ದ ಘಟ್ಟದ ಮೇಲಿನ ಕನ್ನಡಿಗ ಅದನ್ನು ಕೇಳಿ ಓಡಿಬಿಟ್ಟ. ಸಾಕ್ಷಿ ಇಲ್ಲದ ಕಾರಣ ದಾಖಲೆಯೂ ಇಲ್ಲ.

ಈಗ ಉತ್ತರಪಕ್ಷ, ‘ಉತ್ತರ’ ಎಂದರೆ ಇಲ್ಲಿ ಉತ್ತರ ಕರ್ನಾಟಕ. ಅಲ್ಲಿ ಹಂಚು ಎಂದರೆ ಒಲೆಯ ಮೇಲಿನದು. ಹಂಚು ಕಾದಿದೆಯೇ ಎಂದು ಯಾರಾದರೂ ಕೇಳಿದರೆ ಬಿಸಿಲಿನ ವಿಚಾರವಲ್ಲ, ಜೋಳದ ರೊಟ್ಟಿಯ ವಿಚಾರ. ಮದುವೆಯಾಗಿ ಆ ಕಡೆಗೆ ಹೋದ ಕರಾವಳಿಯ ಹೆಣ್ಣುಮಗಳಿಗೆ ಅತ್ತೆ “ಹಂಚು ಇಳಸವ್ವಾ” ಎಂದರೆ ಅವಳು ಏಣಿ ಹುಡುಕುತ್ತಾಳೆ. ಇದರ ಹಿಂದೆ ಒಂದು ಗಂಭೀರ ಕಾರಣವಿದೆ, ಮತ್ತು ಈ ಪ್ರಬಂಧದಲ್ಲಿ ನಂಬಬಹುದಾದ ಭಾಗ ಬಹುಶಃ ಇದೊಂದೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ನೀರು ನಿಲ್ಲದಂತೆ ಮಾಡು ಇಳಿಜಾರಾಗಿರಬೇಕು, ಮೇಲೆ ಸುಟ್ಟ ಮಣ್ಣಿರಬೇಕು. ಕಲಬುರಗಿಯಲ್ಲಿ ಅದರ ಕಾಲುಭಾಗವೂ ಬೀಳುವುದು ಕಷ್ಟ. ಅಲ್ಲಿ ಮಣ್ಣಿನ ಮಾಳಿಗೆ ಸಾಕು; ಬೇಸಿಗೆಯ ರಾತ್ರಿ ಅದರ ಮೇಲೆ ಹಾಸಿಗೆ ಹಾಸಿ ಮಲಗಲೂಬಹುದು. ಮಾಡಿನಲ್ಲಿ ಕೆಲಸವಿಲ್ಲದ ಶಬ್ದ ಅಡುಗೆಮನೆಯಲ್ಲೇ ಉಳಿಯಿತು. ಹವಾಮಾನ ಇಲಾಖೆಯ ಮಳೆ ನಕ್ಷೆಯನ್ನೂ ಈ ಪದದ ಅರ್ಥಗಳ ನಕ್ಷೆಯನ್ನೂ ಒಂದರ ಮೇಲೊಂದಿಟ್ಟರೆ ಪಿಎಚ್.ಡಿ. ಒಂದು ತಾನಾಗಿ ಸಿದ್ಧವಾಗುತ್ತದೆ. ಮಾರ್ಗದರ್ಶಕರು ಬೇಕಾದವರು ನಮ್ಮನ್ನು ಕಾಣಬಹುದು.

ಇತ್ತೀಚಿನ ಅರ್ಥವ್ಯತ್ಯಾಸಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಂಕ್ರೀಟ್ ತಾರಸಿಯ ಮೇಲೆ ಶೋಕಿಗೆ ಹಂಚು ಹೊದಿಸುವವರಿದ್ದಾರೆ. ಹಂಚಿನ ಆಕಾರಕ್ಕೆ ಒತ್ತಿದ ತಗಡಿನ ಶೀಟನ್ನೇ ಹಂಚೆನ್ನುವವರೂ ಇದ್ದಾರೆ. ಅಲಂಕಾರಶಾಸ್ತ್ರದಲ್ಲಿ ಮೊದಲನೆಯದು ಪುನರುಕ್ತಿ ದೋಷ, ಎರಡನೆಯದು ಉತ್ಪ್ರೇಕ್ಷೆ. ಊರಿನ ಹಳೆಯ ಮನೆ ಕೆಡವಿದಾಗ ಅದರ ಹಂಚು ಲಾರಿ ಹತ್ತಿ ಬೆಂಗಳೂರಿನ ಹೊರವಲಯದ ರೆಸಾರ್ಟಿಗೆ ಹೋಗುತ್ತದೆ. ಅದೇ ಮನೆಯ ಮೊಮ್ಮಗ ಅದರ ಕೆಳಗೆ ಕೂತು ಫೋಟೊ ತೆಗೆದು ಎಲ್ಲರೊಂದಿಗೆ ‘ಹಂಚಿಕೊಳ್ಳುತ್ತಾನೆ’.

ಹಂಚು ನಾಮಪದವೋ ಕ್ರಿಯಾಪದವೋ ಎಂಬ ಮೂಲಪ್ರಶ್ನೆಗೆ ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ಮಲೆನಾಡಿಗೆ ಹೋಗಿ, ಹಲಸು ಹಣ್ಣಾಗುವ ಹೊತ್ತಿಗೆ, ಯಾವುದಾದರೂ ಮನೆಯ ಅಂಗಳದಲ್ಲಿ ನಿಲ್ಲಬೇಕು. ಮಂಗಗಳ ಹಿಂಡು ಮಾಡಿಗೆ ಇಳಿಯುತ್ತದೆ. ಹಿರಿಯ ಗಡವ ಒಂದೊಂದೇ ಹಂಚನ್ನು ಎತ್ತಿ, ಅಡಿ ಮೇಲು ಮಾಡಿ ಪರೀಕ್ಷಿಸಿ, ಅಂಗಳದ ನಾಲ್ಕೂ ಮೂಲೆಗೆ ಸಮನಾಗಿ ಎಸೆಯುತ್ತದೆ. ಪಕ್ಷಪಾತವಿಲ್ಲ, ಪಾಲುಪತ್ರವಿಲ್ಲ, ವಕೀಲರ ಫೀಸಿಲ್ಲ. ನೋಡಲು ಹೋಗುವ ಸಂಶೋಧಕರು ತಲೆಗೆ ಹೆಲ್ಮೆಟ್ ಹಾಕಿಕೊಂಡಿರಬೇಕು.