ಲಕ್ಷ್ಮೇಶ್ವರದ ಪರದೇಶಿಗಳು

ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗರು ಊರಿಗೆ ಫೋನ್ ಮಾಡಿದಾಗ ತೋಡಿಕೊಳ್ಳುವ ದುಃಖಗಳಲ್ಲಿ ಚಳಿ ಒಂದು, ಬಿಸಿ ರೊಟ್ಟಿ ಸಿಗದಿರುವುದು ಇನ್ನೊಂದು, ಬ್ಯಾಂಕು ಮೂರನೆಯದು. ಕಾರ್ಡು ಬ್ಲಾಕ್ ಆಯಿತೆಂದು ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಆ ಕಡೆಯವರು ಜರ್ಮನ್‌ನಲ್ಲೇ ಶುರು ಹಚ್ಚಿಕೊಳ್ಳುತ್ತಾರಂತೆ. ತಿಳಿಯಲಿಲ್ಲ ಎಂದರೆ ಅದನ್ನೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳುತ್ತಾರಂತೆ. ಗದಗಿನ ಮನೆಯಲ್ಲಿ ಕೂತು ಇದನ್ನೆಲ್ಲ ಕೇಳುವ ತಂದೆ ಮಗನಿಗೆ ಸಮಾಧಾನ ಹೇಳಬೇಕು. ಅವನ ಬಾಯಿಂದ ಬರುವುದು ಮಾತ್ರ ಬೇರೆ: "ಅಷ್ಟು ರೊಕ್ಕಾ ಖರ್ಚು ಮಾಡಿ ಅಷ್ಟು ದೂರ ಯಾಕ ಹೋದ್ಯೋ ತಮ್ಮಾ? ಇಲ್ಲೇ ಆಗತಿತ್ತಲ್ಲ."

ತಂದೆಯ ಮಾತು ಸುಳ್ಳಲ್ಲ. ಪರದೇಶಿಯಾಗಲು ಮಗನಿಗೆ ಪಾಸ್‌ಪೋರ್ಟ್ ಬೇಕಾಯಿತು, ವೀಸಾ ಬೇಕಾಯಿತು, ವಿಮಾನ ಬೇಕಾಯಿತು. ತಂದೆಗೆ ಪಾಸ್‌ಬುಕ್ಕಿನ ಮೇಲೆ ಅಚ್ಚಾದ ಟೋಲ್ ಫ್ರೀ ಸಂಖ್ಯೆಯಷ್ಟೇ ಸಾಕಾಯಿತು. ಒಂದು ವ್ಯತ್ಯಾಸ ಇದೆ. ಬರ್ಲಿನ್ನಿನ ಮುದುಕ ಬರ್ಲಿನ್ನಿನ ಬ್ಯಾಂಕಿಗೆ ಫೋನ್ ಮಾಡಿದರೆ ಜರ್ಮನ್ ಕೇಳುತ್ತದೆ. ಅಲ್ಲಿ ಪರದೇಶಿ ಅನಿಸಿಕೊಳ್ಳುವವನು ನಿಜವಾಗಿಯೂ ಪರದೇಶದಿಂದ ಹೋದವನೇ. ನಮ್ಮಲ್ಲಿ ಸ್ಥಳೀಯರಿಗೂ ಆ ಸೌಲಭ್ಯ ಒದಗಿಸಿದ್ದಾರೆ.

ಅದನ್ನು ಯಾವ ನೆಲದಲ್ಲಿ ಒದಗಿಸಿದ್ದಾರೆ ನೋಡಿ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಒಳ್ಳೆಯ ಕನ್ನಡದ ಸೀಮೆಯನ್ನು ಗುರುತಿಸಲು ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. 941ರಲ್ಲಿ ಭಾರತ ಬರೆದು ಮುಗಿಸಿದ ಪಂಪ ತನ್ನ ಕನ್ನಡ ಈ ಊರಿನದು ಎಂದು ಹೆಮ್ಮೆಯಿಂದ ಹೇಳಿಕೊಂಡ. ಗದಗಿನ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಬರೆದನೆಂದು ಊರಿಗೆ ಊರೇ ನಂಬಿದೆ. ಕನ್ನಡ ನಾಡು ಉದಯವಾಗಲಿ ಎಂದು ಹಾಡು ಕಟ್ಟಿ 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಕೊಟ್ಟ ಹುಯಿಲಗೋಳ ನಾರಾಯಣರಾಯರು ಇದೇ ಗದಗಿನಲ್ಲಿ ವಕೀಲಿಕೆ ಮಾಡುತ್ತಿದ್ದವರು. ಆಗಿನ್ನೂ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜಿನವರ ಕೈಯಲ್ಲಿತ್ತು. ಹಾಗಿದ್ದರೂ ಬಾಗಿಲಿಗೆ ಬರುತ್ತಿದ್ದ ಸಾಹುಕಾರ ಬಡ್ಡಿಯ ಲೆಕ್ಕವನ್ನು ಕನ್ನಡದಲ್ಲೇ ಹೇಳುತ್ತಿದ್ದ. ಸುಲಿಯುವವನಿಗೂ ಆಗ ಒಂದು ಸೌಜನ್ಯ ಇತ್ತು.

ಬ್ಯಾಂಕು ಎನ್ನುವುದು ದಿಲ್ಲಿ-ಮುಂಬೈಯಿಂದ ನಮ್ಮ ಉದ್ಧಾರಕ್ಕೆ ಇಳಿದುಬಂದ ಪದಾರ್ಥವೂ ಅಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದರ ಗ್ರಾಹಕ ಸೇವಾ ಕೇಂದ್ರ ಗೌಡರ ಕಟ್ಟೆ. ಕಾಯುವ ಸಮಯ, ಗೌಡರು ಎಲೆ-ಅಡಿಕೆ ಹಾಕಿಕೊಂಡು ಮುಗಿಸುವಷ್ಟು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಗೇ ಬಂದು ಒಯ್ಯುತ್ತಿದ್ದ. ಅವನಿಗೆ ನಿಮ್ಮ ಖಾತೆಯ ಸಂಖ್ಯೆ ಗೊತ್ತಿತ್ತು, ಮಗಳ ಮದುವೆ ಎಂದು ಎಂಬುದೂ ಗೊತ್ತಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಕರಗಿತು. ಅಂದೇ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕು ಬರೋಡಾದ ಪಾಲಾಗಿತ್ತು. 2017ರಲ್ಲೇ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿಗೆ ಸೇರಿತ್ತು. ಎಲ್ಲವೂ ಏಪ್ರಿಲ್ ಒಂದಕ್ಕೇ. ಆ ತಾರೀಖು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಈಗ ಮುಂಡರಗಿ ತಾಲೂಕಿನ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಮೇ ಕೊನೆಯ ವಾರ. ಹೆಸರು ಬಿತ್ತಲು ಬೀಜ ತರಬೇಕು. ಖಾತೆಯಲ್ಲಿ 436 ರೂಪಾಯಿ ಕಡಿಮೆ. ಮೊಬೈಲಿಗೆ ಬಂದ ಇಂಗ್ಲಿಷ್ ಸಂದೇಶವನ್ನು ಕಿರಾಣಿ ಅಂಗಡಿಯ ಹುಡುಗನಿಗೆ ತೋರಿಸಿದರೆ ಅವನು, "ರೊಕ್ಕಾ ಹೋಗ್ಯಾವ ಕಾಕಾ" ಎಂದ. ಅಷ್ಟು ಇವನಿಗೂ ಗೊತ್ತಿತ್ತು. ಫೋನ್ ಹಚ್ಚಿದ. ಮೊದಲು ಹಿಂದಿಯಲ್ಲಿ ಸ್ವಾಗತ, ಆಮೇಲೆ ಇಂಗ್ಲಿಷಿನಲ್ಲಿ ಸ್ವಾಗತ, ಆಮೇಲೆ ಹೊಸ ಕ್ರೆಡಿಟ್ ಕಾರ್ಡಿನ ವರ್ಣನೆ. ಕನ್ನಡ ಬೇಕಾದರೆ ಎಷ್ಟನೆಯ ಗುಂಡಿ ಒತ್ತಬೇಕೆಂಬುದನ್ನೂ ಹಿಂದಿಯಲ್ಲೇ ಹೇಳಿದರು. ಇವನು ಅಂದಾಜಿನ ಮೇಲೆ ಒಂದು ಒತ್ತಿದ. ಸುಶ್ರಾವ್ಯ ಸಂಗೀತ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು.

"ನಮಸ್ಕಾರ್, ಮೈಂ ಆಪ್ ಕೀ ಕ್ಯಾ ಸಹಾಯತಾ ಕರ್ ಸಕತೀ ಹೂಂ?"

"ತಂಗೀ, ನನ್ನ ಖಾತೆದಾಗ ನಾಕನೂರಾ ಮೂವತ್ತಾರು ರೂಪಾಯಿ ಹ್ವಾದವು. ಯಾಕ ಹ್ವಾದವು, ಸ್ವಲ್ಪ ನೋಡಿ ಹೇಳವಾ."

"ಸರ್, ಹಿಂದೀ ಯಾ ಇಂಗ್ಲಿಷ್?"

"ಕನ್ನಡಾ."

"ಸರ್, ಹೋಲ್ಡ್ ಕೀಜಿಯೇ."

ಮತ್ತೆ ಸಂಗೀತ. ಹೀಗೆ ಬಿಡುವ ಗಂಡಲ್ಲ ನಮ್ಮ ಕಾಕಾ. ಶಿರಹಟ್ಟಿ ಸಂತೆಯಲ್ಲಿ ಸಾಬರ ಜೊತೆ ದನದ ವ್ಯಾಪಾರ ಮಾಡಿ ಕಲಿತ ದಖನಿ ನಾಲಗೆಯ ಮೇಲಿತ್ತು. ಅದನ್ನೇ ಇಳಿಸಿದ: "ಹಮ್ನಾ ಪೂಛೇ ಬಿನಾ ಪೈಸೆ ಕಾಯ್ಕು ಕಾಟೇ?" ಆಕೆ ಒಂದು ಕ್ಷಣ ಸುಮ್ಮನಾಗಿ, "ಸರ್, ಆಪ್ ಹೈದರಾಬಾದ್ ಸೇ ಬೋಲ್ ರಹೇ ಹೈಂ?" ಎಂದು ಕೇಳಿದಳು. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಸೇರಿ ಆಡುವ ಮಾತು ಅದು. ಅದಕ್ಕೂ ರಾಷ್ಟ್ರೀಯ ಮಟ್ಟದಲ್ಲಿ ಗುಂಡಿ ಇಲ್ಲ. ಕೊನೆಗೆ ಆಕೆ ಪಾಪ, ಇಷ್ಟೊತ್ತು ಮಾತಾಡಿದ್ದಕ್ಕೆ ಐದು ಒತ್ತಿ ಎಂದು ಕೇಳಿಕೊಂಡಳು. ಅಷ್ಟು ಮಾತ್ರ ಇವನಿಗೆ ತಿಳಿಯಿತು, ಒತ್ತಿದ. ಎಲ್ಲೋ ಒಂದು ಹವಾನಿಯಂತ್ರಿತ ಕೋಣೆಯ ಪರದೆಯ ಮೇಲೆ ಮುಂಡರಗಿ ಸಂಪೂರ್ಣ ತೃಪ್ತವಾಗಿದೆ.

ಆ 436 ರೂಪಾಯಿ ಏನೆಂದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ ಕಂತು. ರೈತ ಸತ್ತರೆ ಮನೆಯವರಿಗೆ 2 ಲಕ್ಷ ಬರುತ್ತದೆ. ಯೋಜನೆಯೇನೂ ಕೆಟ್ಟದ್ದಲ್ಲ. ಯಾವುದೋ ವರ್ಷ ಯಾವುದೋ ಕೌಂಟರಿನಲ್ಲಿ "ಇಲ್ಲಿ ಸೈನ್ ಮಾಡ್ರಿ" ಎಂದಾಗ ಮಾಡಿದ್ದ ಸಹಿ ಅದು, ಈಗ ತಂತಾನೇ ಕಂತು ಕಡಿತವಾಗುತ್ತದೆ. ಇದನ್ನು ಕನ್ನಡದಲ್ಲಿ ಹೇಳಲು ಎರಡು ನಿಮಿಷ ಸಾಕು. ಹೇಳದಿದ್ದುದರಿಂದ ತನಗೆ ವಿಮೆ ಇದೆ ಎಂಬುದು ಸಾಯುವವನಿಗೂ ಗೊತ್ತಿಲ್ಲ, ಅವನ ಹಿಂದೆ ಉಳಿಯುವವರಿಗೂ ಗೊತ್ತಿಲ್ಲ. ಕಂತು ಕಟ್ಟುವುದಕ್ಕೆ ಭಾಷೆ ಬೇಡ; ಪರಿಹಾರ ಕೇಳುವುದಕ್ಕೆ ಬೇಕು.

ಫೋನ್ ಬೇಡ, ಶಾಖೆಗೇ ಹೋಗೋಣ ಎಂದರೆ, ಹೋಗಿ. ಕೌಂಟರಿನ ಫಲಕಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕು, ಗ್ರಾಹಕರು ತುಂಬುವ ಫಾರಂಗಳೂ ತ್ರಿಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವಾ ಸುತ್ತೋಲೆ ಹೇಳುತ್ತದೆ. ಫಲಕದ ಮಟ್ಟಿಗೆ ನಮ್ಮ ಶಾಖೆಗಳು ಪಂಡಿತರೇ. ಮೂರು ಭಾಷೆ ಬಲ್ಲ ಆ ಫಲಕದ ಕೆಳಗೆ ಒಂದು ಭಾಷೆ ಬಲ್ಲ ಹುಡುಗ ಕೂತಿರುತ್ತಾನೆ. ಬಿಹಾರದ್ದೋ ಉತ್ತರ ಪ್ರದೇಶದ್ದೋ ಊರು ಬಿಟ್ಟು ಬಂದವನು. ಲಕ್ಷ್ಮೇಶ್ವರ ನಕಾಶೆಯಲ್ಲಿ ಎಲ್ಲಿದೆಯೆಂದು ವರ್ಗದ ಆದೇಶ ಬಂದ ದಿನ ಹುಡುಕಿಕೊಂಡವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಇಲ್ಲಿ ಪರದೇಶಿ, ಮೆಣಸಿನಕಾಯಿ ಚಟ್ನಿಗೆ ಕಣ್ಣೀರು ಹಾಕುವವನು. ಅವನಿಗೆ ಕನ್ನಡ ಕಲಿಸಲು ಬ್ಯಾಂಕಿಗೆ ಪುರಸೊತ್ತಿಲ್ಲ. ಸೆಪ್ಟೆಂಬರಿನ ಹಿಂದಿ ಪಖವಾಡಕ್ಕೆ ಮಾತ್ರ ಪ್ರಬಂಧ ಸ್ಪರ್ಧೆ, ಬ್ಯಾನರು, ಬಹುಮಾನ, ಸಮೋಸಾ ಎಲ್ಲಕ್ಕೂ ಬಿಡುವಿದೆ. ಹಿಂದಿ ಬರುವವನಿಗೇ ಹಿಂದಿ ಕಲಿಸುವ ಈ ಹದಿನೈದು ದಿನ ಗ್ರಾಹಕರು ಸ್ವಲ್ಪ ಸಹಕರಿಸಬೇಕು.

ಈ ಶಾಖೆಗಳಲ್ಲಿ ನಿಜವಾದ ಗ್ರಾಹಕ ಸೇವಾ ವಿಭಾಗ ಎಂದರೆ ಸಿಪಾಯಿ. ಚಹಾ ತರುವುದು, ವೋಚರು ಹೊಲಿಯುವುದು ಅವನ ಹುದ್ದೆಯ ಕೆಲಸ. ಬೆಳೆಸಾಲ, ಬೆಳೆವಿಮೆ, ಗೃಹಲಕ್ಷ್ಮಿಯ 2,000 ರೂಪಾಯಿ, ಆಧಾರ್ ಜೋಡಣೆ, ಇವೆಲ್ಲದರ ದುಭಾಷಿತನ ಸಂಬಳವಿಲ್ಲದ ಕೆಲಸ. ಮ್ಯಾನೇಜರ್ ಸಾಹೇಬರು ಹತ್ತು ವಾಕ್ಯ ಹೇಳಿದರೆ ಸಿಪಾಯಿ ಅದನ್ನು, "ಸೋಮವಾರ ಬಾ ಅಂತಾರ" ಎಂದು ಇಳಿಸುತ್ತಾನೆ. ಅನುವಾದ ಎಂದರೆ ಹೀಗಿರಬೇಕು. ಅವನು ರಜೆ ಹಾಕಿದ ದಿನ ಬ್ಯಾಂಕಿನಲ್ಲಿ "ಸರ್ವರ್ ಡೌನ್" ಎಂಬ ಎರಡೇ ಶಬ್ದ ಚಲಾವಣೆಯಲ್ಲಿರುತ್ತವೆ, ಅವು ಎಲ್ಲ ಭಾಷೆಗೂ ಸಮಾನ.

ಇದೆಲ್ಲ ಮೇಲಿನವರಿಗೆ ಗೊತ್ತಿಲ್ಲವೆಂದಲ್ಲ. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸುತ್ತೇವೆಂದು 2019ರ ಜುಲೈಯಲ್ಲಿ ಸಂಸತ್ತಿನಲ್ಲಿ ಹೇಳಿದರು. 2022ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಬ್ಯಾಂಕಿನವರನ್ನೆಲ್ಲ ಕೂರಿಸಿಕೊಂಡು, ಹಿಂದಿ ಬಾರದವನು ಭಾರತೀಯನೇ ಅಲ್ಲವೇನೋ ಎಂಬಂತೆ ಮಾತಾಡಿದರೆ ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂಬರ್ಥದ ಬುದ್ಧಿಯನ್ನೂ ಹೇಳಿದರು. ಕೇಳಿಸಿಕೊಂಡವರು ಬಹುಶಃ ಹೋಲ್ಡಿನಲ್ಲಿದ್ದರು. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಚಂದಾಪುರದ ಸ್ಟೇಟ್ ಬ್ಯಾಂಕ್ ಶಾಖೆಯ ವ್ಯವಸ್ಥಾಪಕಿ, ಇದು ಇಂಡಿಯಾ, ನಾನು ಕನ್ನಡ ಮಾತಾಡುವುದಿಲ್ಲ ಎಂದು ಗ್ರಾಹಕನಿಗೆ ಹೇಳಿದ ವಿಡಿಯೋ ನಾಡೆಲ್ಲ ಸುತ್ತಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಖಂಡಿಸಿದರು, ವರ್ಗಾವಣೆಯಾಯಿತು, ಕ್ಷಮೆಯೂ ಬಂತು. ಗಮನಿಸಬೇಕಾದ್ದು ಇಷ್ಟೇ: ಕ್ಷಮೆ ಬಂದದ್ದು ಕನ್ನಡದಲ್ಲಿ. ಮಾತಾಡುವುದೇ ಇಲ್ಲ ಎಂದಿದ್ದ ಭಾಷೆ ಕೆಲಸಕ್ಕೆ ಕುತ್ತು ಬಂದಾಗ ನಾಲಗೆಗೆ ಬಂದುಬಿಡುತ್ತದೆ.

ದೂರು ಕೊಡಬೇಕೆಂದರೆ ದಾರಿ ಇದೆ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ದೇಶ ಒಬ್ಬ ಓಂಬುಡ್ಸ್‌ಮನ್ ಎಂಬ ವ್ಯವಸ್ಥೆ ತಂದಿತು. ಯಾವ ಭಾಷೆಯಲ್ಲಾದರೂ ಬರೆಯಬಹುದು. ಕಳಿಸಬೇಕಾದ ವಿಳಾಸ, ಚಂಡೀಗಢ. ಶಿರಹಟ್ಟಿಯ ಶಾಖೆಯಲ್ಲಿ ಕನ್ನಡ ತಿಳಿಯಲಿಲ್ಲ ಎಂದು ಕನ್ನಡದಲ್ಲಿ ಬರೆದ ಕಾಗದ ಪಂಜಾಬಿನ ಹೊಸ್ತಿಲಿಗೆ ಹೋಗಿ ಓದುಗನಿಗಾಗಿ ಕಾಯುತ್ತದೆ. ಅದಕ್ಕೂ ಮೊದಲು ನೀವು ಬ್ಯಾಂಕಿಗೇ ದೂರು ಕೊಟ್ಟು 30 ದಿನ ಕಾದಿರಬೇಕು. ಬ್ಯಾಂಕಿಗೆ ದೂರು ಕೊಡುವುದು ಹೇಗೆ? ಟೋಲ್ ಫ್ರೀ ಸಂಖ್ಯೆಗೆ ಫೋನ್ ಮಾಡಿ.

ಈ ವ್ಯವಸ್ಥೆಗೆ ಒಂದು ಉಪಯೋಗವಿದೆ, ಅದನ್ನು ಮರೆಮಾಚಬಾರದು. "ನಿಮ್ಮ ಖಾತೆ ಬಂದ್ ಆಗತಾ ಇದೆ, ಓಟಿಪಿ ಹೇಳಿ" ಎಂದು ಹಿಂದಿಯಲ್ಲಿ ಬರುವ ಕಳ್ಳರ ಕರೆಗೆ ನಮ್ಮ ಕಾಕಾ, "ಏನಂತೀಯೋ ತಿಳೀವಲ್ದು ಇಡು" ಎಂದು ಇಟ್ಟುಬಿಡುತ್ತಾನೆ. ದೊಡ್ಡ ದೊಡ್ಡ ಪಟ್ಟಣಗಳ ಇಂಗ್ಲಿಷ್, ಹಿಂದಿ ಬಲ್ಲ ಮಂದಿ ಲಕ್ಷಗಟ್ಟಲೆ ಕಳೆದುಕೊಂಡಾಗ ಕಾಕಾನ ರೊಕ್ಕ ಉಳಿಯಿತು. ನಿಜವಾದ ಬ್ಯಾಂಕಿನ ಕರೆಯನ್ನೂ ಅವನು ಹೀಗೆಯೇ ಇಡುತ್ತಾನೆ. ಎರಡೂ ಒಂದೇ ಭಾಷೆಯಲ್ಲಿ ಬರುವಾಗ ಕಳ್ಳನಾರು ಬ್ಯಾಂಕಾರು ಎಂದು ಅವನಾದರೂ ಹೇಗೆ ಗುರುತಿಸಬೇಕು?

ಭಾಷೆ ಕಲಿಸುವುದು ಕಷ್ಟ, ಸಿಬ್ಬಂದಿ ಸಿಗುವುದಿಲ್ಲ ಎಂದು ಬ್ಯಾಂಕಿನ ದೊಡ್ಡವರು ನಿಟ್ಟುಸಿರು ಬಿಡುತ್ತಾರೆ. ಗದಗಿನಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಬೆಂಗಳೂರಿನಲ್ಲಿ ಈ ಶತಮಾನದ ಆರಂಭದಲ್ಲಿ ಏನು ನಡೆಯಿತೆಂದು ಅವರಿಗೆ ನೆನಪಿಲ್ಲವೋ ಏನೋ. ಅಮೆರಿಕದ ಬ್ಯಾಂಕುಗಳ, ಕ್ರೆಡಿಟ್ ಕಾರ್ಡುಗಳ ಗ್ರಾಹಕರಿಗೆ ನಮ್ಮ ಹುಡುಗ ಹುಡುಗಿಯರು ರಾತ್ರಿಯಿಡೀ ಉತ್ತರ ಕೊಟ್ಟರು. ಟೆಕ್ಸಾಸಿನವರು ನುಂಗುವ ಅಕ್ಷರ ಯಾವುದು, ಅಲ್ಲಿ ಈಗ ಯಾವ ಆಟ ನಡೆಯುತ್ತಿದೆ, ಹೊರಗೆ ಹಿಮ ಬೀಳುತ್ತಿದೆಯೋ ಇಲ್ಲವೋ ಎಲ್ಲ ಕಲಿಸಿದರು. ಗ್ರಾಹಕನಿಗೆ ಮುಜುಗರವಾದೀತೆಂದು ಬಸವರಾಜ ಬಿಲ್ ಆದ, ಶೈಲಜಾ ಶೆಲ್ಲಿ ಆದಳು. ಅಲ್ಲಿನ ಗ್ರಾಹಕನ ಕಿವಿಗೆ ಒಗ್ಗಲೆಂದು ಇಲ್ಲಿನವನ ಹೆಸರನ್ನೇ ಬದಲಿಸಿದರು. ಮುಂಡರಗಿಯ ಗ್ರಾಹಕನಿಗಾಗಿ ಯಾರ ಹೆಸರೂ ಬದಲಾಗಬೇಕಿಲ್ಲ. "ಹೇಳ್ರಿ ಕಾಕಾ" ಎನ್ನುವ ಒಬ್ಬ ಬಸವರಾಜ ಸಾಕು, ಅವನು ಗದಗಿನ ಕಾಲೇಜು ಮುಗಿಸಿ ಮುಳಗುಂದ ನಾಕಾದ ಚಹಾದಂಗಡಿಯಲ್ಲಿ ಕೂತಿದ್ದಾನೆ.

ಇಷ್ಟಾದರೂ ಬ್ಯಾಂಕುಗಳಿಗೆ ಕನ್ನಡ ಬರುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಬರುತ್ತದೆ. ಕಂತು ಎರಡು ತಿಂಗಳು ತಪ್ಪಿಸಿ ನೋಡಿ. ಆಗ ಮನೆಗೆ ಬರುವ ವಸೂಲಿಯವನ ಕನ್ನಡದಲ್ಲಿ ವ್ಯಾಕರಣ ಅಚ್ಚುಕಟ್ಟು, ಗಾದೆ ಧಾರಾಳ. ನಿಮ್ಮ ಓಣಿಯ ಮಾತಿನ ಧಾಟಿಯೇ ಅವನಿಗೆ ಬಂದಿರುತ್ತದೆ, ನಿಮ್ಮ ಅಜ್ಜನ ಹೆಸರೂ ಗೊತ್ತಿರುತ್ತದೆ. ಇನ್ನೂ ಕಟ್ಟದಿದ್ದರೆ ಕಾನೂನೇ ಕನ್ನಡದ ಪರ ನಿಲ್ಲುತ್ತದೆ. 2002ರ ಸರ್ಫೇಸಿ ಕಾಯ್ದೆಯ ನಿಯಮಗಳ ಪ್ರಕಾರ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಆ ಪ್ರದೇಶದ ಭಾಷೆಯದ್ದೇ ಆಗಿರಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲವಾದ್ದರಿಂದ ಕನ್ನಡದ ಈ ಸೇವೆಯಲ್ಲಿ ಬೆಟಗೇರಿಯ ಮಗ್ಗದ ಮನೆಯವನು, ಗದಗ ಪೇಟೆಯ ಅಂಗಡಿಕಾರ ರೈತನಿಗಿಂತ ಭಾಗ್ಯವಂತರು. ರೈತನೂ ನಿರಾಶನಾಗಬೇಕಿಲ್ಲ: ಅವನ ಹೆಂಡತಿಯ ಬೋರಮಾಳವನ್ನು ಒತ್ತೆ ಹಿಡಿದ ಹಣಕಾಸು ಕಂಪನಿ ಅದನ್ನು ಹರಾಜಿಗಿಡುವ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ.

ಆ ಪ್ರಕಟಣೆಗಳನ್ನು ಓದಿ. ಮನೆಯ ಚಕ್ಕುಬಂದಿ, ಮೂಡಣಕ್ಕೆ ಯಾರ ಮನೆ, ಪಡುವಣಕ್ಕೆ ಯಾವ ರಸ್ತೆ, ಸಾಲಗಾರನ ತಂದೆಯ ಹೆಸರು, ಜಾಮೀನುದಾರನ ವಿಳಾಸ, ಬಾಕಿಯ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರುತ್ತವೆ. ಒಂದು ಒತ್ತಕ್ಷರವೂ ತಪ್ಪಿರುವುದಿಲ್ಲ. ಕೊನೆಯ ಸಾಲಿನಲ್ಲಿ, ಆಸಕ್ತರು ಸಂಪರ್ಕಿಸಲೆಂದು ಒಂದು ಮೊಬೈಲ್ ಸಂಖ್ಯೆ ಇರುತ್ತದೆ. ಅದಕ್ಕೆ ಫೋನ್ ಮಾಡಿದರೆ ಎರಡನೆಯ ಗಂಟೆ ಬಾರಿಸುವುದರೊಳಗೆ ಎತ್ತುತ್ತಾರೆ. "ನಮಸ್ಕಾರ ರೀ, ಹೇಳ್ರಿ," ಅನ್ನುತ್ತಾರೆ, "ಮನಿ ಯಾವಾಗ ನೋಡಾಕ ಬರ್ತೀರಿ?"